ಥ್ಯಾಕರೆ ಎಂಬ ಅಡ್ಡಹೆಸರು: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡದ ಮಕ್ಕಳು ಮೊದಲು ಕಲಿಯುವ ಇಂಗ್ಲಿಷ್ ಅಡ್ಡಹೆಸರುಗಳಲ್ಲಿ ಥ್ಯಾಕರೆಯೂ ಒಂದು. ಕಿತ್ತೂರಿನ ಪಾಠ ಬಂದ ವರ್ಷ ನಮ್ಮ ಶಾಲೆಯಲ್ಲಿ ನಾಟಕವಾಡಿಸಿದರು. ಚೆನ್ನಮ್ಮನ ಪಾತ್ರಕ್ಕೆ ಹತ್ತು ಜನ ಮುಗಿಬಿದ್ದರು, ಥ್ಯಾಕರೆಯ ಪಾತ್ರಕ್ಕೆ ಒಬ್ಬರೂ ಇಲ್ಲ. ಕೊನೆಗೆ ಅದು ನನ್ನ ತಲೆಗೆ ಬಂತು. ಮುಖಕ್ಕೆ ಗಟ್ಟಿಯಾಗಿ ಪೌಡರ್ ಬಳಿದು, ಅಣ್ಣನ ಎನ್‌ಸಿಸಿ ಟೋಪಿ ಹಾಕಿಕೊಂಡು, ಎರಡು ಮಾತು ಆಡಿ, ಗುಂಡು ತಗುಲಿ ಬೀಳುವುದಷ್ಟೇ ಕೆಲಸ. ಬಿದ್ದಾಗ ಬಂದ ಚಪ್ಪಾಳೆ ಇಂದಿಗೂ ನೆನಪಿದೆ. ಆ ಹೆಸರಿಗೆ ಏನು ಅರ್ಥ ಎಂದು ಆಗ ಯಾರೂ ಕೇಳಲಿಲ್ಲ. ಈಗ ಕೇಳುವವರಿದ್ದಾರೆ. ಮುಂಬೈಯ ಠಾಕ್ರೆಗಳಿಗೂ ಇವನಿಗೂ ಏನು ಸಂಬಂಧ ಎಂಬ ಪ್ರಶ್ನೆಯಂತೂ ಕಿತ್ತೂರು ಉತ್ಸವ ಬಂದಾಗಲೆಲ್ಲ ಏಳುತ್ತದೆ. ಅದಕ್ಕಾಗಿ ಈ ಪುಟ.

ಥ್ಯಾಕರೆ ಎಂದರೆ ಅರ್ಥವೇನು?

ಜೊಂಡು ಬೆಳೆಯುವ ಮೂಲೆ. ಅಷ್ಟೇ.

ಹೆಸರಿನಲ್ಲಿ ಎರಡು ತುಂಡುಗಳಿವೆ. ಎರಡೂ ಹಳೆಯ ನಾರ್ಸ್ ಭಾಷೆಯವು, ಅಂದರೆ ವೈಕಿಂಗರು ಆಡುತ್ತಿದ್ದ ನುಡಿಯವು. ಮೊದಲನೆಯದು 'ಥಾಕ್'. ಮಾಡಿಗೆ ಹೊದಿಸುವ ಹುಲ್ಲು ಅಥವಾ ಜೊಂಡು ಎಂದು ಅದರ ಅರ್ಥ. ಹುಲ್ಲಿನ ಹೊದಿಕೆಗೆ ಇಂಗ್ಲಿಷಿನಲ್ಲಿ ಈಗ ಬಳಸುವ 'ಥ್ಯಾಚ್' ಎಂಬ ಪದ ಇದರ ಒಡಹುಟ್ಟು. ಉತ್ತರ ಇಂಗ್ಲೆಂಡಿನ ಆಡುಮಾತಿನಲ್ಲಿ ಅದನ್ನು 'ಥ್ಯಾಕ್' ಎಂದೇ ಹೇಳುತ್ತಿದ್ದರು. ಎರಡನೆಯದು 'ವ್ರಾ', ಅಂದರೆ ಮೂಲೆ, ಸಂದು, ಒತ್ತಟ್ಟಿಗೆ ಉಳಿದ ಜಾಗ. ಹೊಳೆ ತಿರುಗುವ ಕಡೆ, ಎರಡು ದಿಬ್ಬಗಳ ನಡುವೆ, ನೀರು ನಿಂತು ಜೊಂಡು ಎದ್ದಿರುವ ಒಂದು ಮೂಲೆಯನ್ನು ಕಲ್ಪಿಸಿಕೊಳ್ಳಿ. ಮನೆಗೆ ಮಾಡು ಹೊದಿಸುವ ಕಾಲ ಬಂದಾಗ ಸುತ್ತಲಿನವರು ಕುಡುಗೋಲು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ನಮ್ಮ ಮಲೆನಾಡಿನಲ್ಲಿ ಕರಡ ಕೊಯ್ಯುವ ಬ್ಯಾಣ ಇರುತ್ತಿದ್ದ ಹಾಗೆ.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 'ಮೂಲಿಮನಿ' ಎಂಬ ಅಡ್ಡಹೆಸರಿನವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಊರಿನ ಯಾವುದೋ ಮೂಲೆಯ ಮನೆಯಿಂದ ಬಂದ ಹೆಸರದು. ಹುಲ್ಲೂರು ಎಂಬ ಊರುಗಳೂ ಒಂದೆರಡಲ್ಲ. ಈ ಎರಡನ್ನು ಬೆಸೆದರೆ ಹೆಚ್ಚು ಕಡಿಮೆ ಥ್ಯಾಕರೆಯಾಗುತ್ತದೆ. ದೊರೆತನದ ಗತ್ತು ಈ ಹೆಸರಿನಲ್ಲಿ ಎಳ್ಳಷ್ಟೂ ಇಲ್ಲ.

ಆ ಮೂಲೆ ಎಲ್ಲಿತ್ತು? ಈಗ ನೋಡಬಹುದೇ?

ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಶೈರಿನಲ್ಲಿ, ವಾಶ್‌ಬರ್ನ್ ಎಂಬ ಸಣ್ಣ ಹೊಳೆಯ ಕಣಿವೆಯಲ್ಲಿ ಇತ್ತು. ಈಗ ನೋಡಲಾಗದು, ಏಕೆಂದರೆ ಅದು ನೀರಿನ ಅಡಿ ಇದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಲೀಡ್ಸ್ ನಗರ ಉಣ್ಣೆಯ ಗಿರಣಿಗಳಿಂದ ಬೆಳೆದು ಊದಿಕೊಂಡಿತು. ಕುಡಿಯುವ ನೀರಿಗೆ ತತ್ವಾರವಾಯಿತು. ನಗರಸಭೆಯ ಕಣ್ಣು ಈ ಕಣಿವೆಯ ಮೇಲೆ ಬಿತ್ತು. 1870ರ ದಶಕದಲ್ಲಿ ಒಂದರ ಹಿಂದೆ ಒಂದರಂತೆ ಮೂರು ಜಲಾಶಯಗಳು ಕಟ್ಟಿಕೊಂಡವು: ಲಿಂಡ್ಲಿ ವುಡ್, ಸ್ವಿನ್‌ಸ್ಟಿ, ಫ್ಯೂಸ್ಟನ್. ಕೊನೆಯದು ಮುಗಿದದ್ದು 1879ರಲ್ಲಿ. ಥ್ಯಾಕ್ರೇ ಎಂಬ ಹಟ್ಟಿ ಆ ಫ್ಯೂಸ್ಟನ್ ಜಲಾಶಯದಲ್ಲಿ ಮುಳುಗಿತು. ಊರು ಹೋಯಿತು, ಊರಿನ ಹೆಸರು ಮನುಷ್ಯರ ಬೆನ್ನಿಗೆ ಅಂಟಿಕೊಂಡು ಉಳಿಯಿತು.

ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಶರಾವತಿ ಕಣಿವೆಯವರ ಮನೆಗಳಲ್ಲಿ ಕುಳಿತು ಮಾತನಾಡಿಸಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಮೊಮ್ಮಗನ ಇನಿಷಿಯಲ್ ಯಾವ ಊರಿನದು ಎಂದು ಕೇಳಿದರೆ ಅಜ್ಜ ನೀರಿನ ಕಡೆಗೆ ಕೈ ತೋರಿಸುತ್ತಾರೆ.

ಇಂಗ್ಲೆಂಡಿನ ನಡುವೆ ವೈಕಿಂಗರ ಪದ ಹೇಗೆ ಬಂತು?

ಡೆನ್ಮಾರ್ಕ್ ಕಡೆಯಿಂದ ಬಂದ ಪಡೆ 866ರಲ್ಲಿ ಯಾರ್ಕ್ ನಗರವನ್ನು ಹಿಡಿಯಿತು. ಹತ್ತು ವರ್ಷದಲ್ಲಿ ಆ ಪಡೆಯವರೇ ಅಲ್ಲಿನ ಹೊಲ ಹಂಚಿಕೊಂಡು ಉಳುಮೆಗೆ ನಿಂತರು. ಆಮೇಲೆ ಐರ್ಲೆಂಡಿನ ಕಡೆಯಿಂದ ನಾರ್ವೆ ಮೂಲದವರೂ ಬಂದು ಸೇರಿದರು. ಕೊಳ್ಳೆ ಹೊಡೆಯಲು ಬಂದವರು ಕೊಳ್ಳೆಯ ಪದಗಳಿಗಿಂತ ಹೊಲಗದ್ದೆಯ ಪದಗಳನ್ನೇ ಹೆಚ್ಚಾಗಿ ಬಿಟ್ಟುಹೋದದ್ದು ಸೋಜಿಗ. ಯಾರ್ಕ್‌ಶೈರಿನ ನಕಾಶೆ ಹರಡಿದರೆ 'ಬಿ' ಎಂದು ಮುಗಿಯುವ ಹಳ್ಳಿಗಳು, ಕಾಡು ಕಡಿದು ಮಾಡಿದ ಬಯಲನ್ನು ಸೂಚಿಸುವ 'ತ್ವೇಟ್' ಎಂದು ಮುಗಿಯುವ ಹಳ್ಳಿಗಳು ಕಣ್ಣಿಗೆ ರಾಚುತ್ತವೆ. ಆ 'ವ್ರಾ' ಕೂಡ ಬೇರೆ ಕಡೆ ಉಳಿದಿದೆ. ಪಕ್ಕದ ಕಂಬ್ರಿಯಾದಲ್ಲಿ ಡಾಕ್ರೇ ಎಂಬ ಊರಿದೆ, ರೇ ಎಂಬ ಒಂಟಕ್ಷರದ ಊರುಗಳಿವೆ.

ಊರಿನ ಹೆಸರು ಮನೆತನದ ಹೆಸರಾದದ್ದು ಯಾವಾಗ?

ಹನ್ನೊಂದನೆಯ ಶತಮಾನದಲ್ಲಿ ನಾರ್ಮನ್ನರು ಬರುವವರೆಗೆ ಇಂಗ್ಲೆಂಡಿನ ಸಾಮಾನ್ಯರಿಗೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಅಡ್ಡಹೆಸರು ಇರಲಿಲ್ಲ. ಮೊದಲು ಜಮೀನ್ದಾರರು ಇಟ್ಟುಕೊಂಡರು, ಆಮೇಲೆ ನಿಧಾನವಾಗಿ ಕೆಳಗಿಳಿಯಿತು. ಉತ್ತರದ ಹಳ್ಳಿಗಳಿಗೆ ತಲುಪಿದ್ದು ಕೊನೆಗೆ. ಒಂದೇ ಊರಿನಲ್ಲಿ ಏಳೆಂಟು ಜಾನ್, ಹತ್ತು ವಿಲಿಯಂ ಇದ್ದರೆ ಕಂದಾಯ ವಸೂಲಿಗೆ ಬಂದವನು ಯಾರನ್ನು ಹಿಡಿಯಬೇಕು? ಅದಕ್ಕೆ 'ಥ್ಯಾಕ್‌ವ್ರಾದ ಜಾನ್' ಎಂದು ಬರೆದುಕೊಂಡ. ಯಾರ್ಕ್‌ಶೈರಿನ ಅಡ್ಡಹೆಸರುಗಳ ಚರಿತ್ರೆ ಹುಡುಕುವವರಿಗೆ 1379ರ ತಲೆಗಂದಾಯದ ಪಟ್ಟಿಯೇ ದೊಡ್ಡ ಗಣಿ. ಹದಿನಾಲ್ಕನೆಯ ಶತಮಾನ ಮುಗಿಯುವ ಹೊತ್ತಿಗೆ ನಡುವಿನ 'ದ' ಕಾರ ಬಿದ್ದು, ಬರಿಯ ಊರಿನ ಹೆಸರೇ ಹೆಸರಾಗಿ ನಿಲ್ಲತೊಡಗಿತ್ತು.

ಇಲ್ಲೊಂದು ತಮಾಷೆಯಿದೆ. ಊರಿನಲ್ಲೇ ಇರುವವನನ್ನು ಯಾರೂ ಊರಿನ ಹೆಸರಿನಿಂದ ಕರೆಯುವುದಿಲ್ಲ. ಹುಬ್ಬಳ್ಳಿಯಲ್ಲಿ 'ಹುಬ್ಬಳ್ಳಿ' ಎಂಬ ಅಡ್ಡಹೆಸರಿಗೆ ಕೆಲಸವಿಲ್ಲ, ಗದಗಿಗೆ ಹೋದ ಮೇಲೆಯೇ ಅದಕ್ಕೆ ಬೆಲೆ. ಥ್ಯಾಕರೆಗಳೂ ಹಾಗೆಯೇ. ಹೆಸರು ಅಂಟಿದ್ದು ಆ ಜೊಂಡಿನ ಮೂಲೆ ಬಿಟ್ಟು ಪಕ್ಕದ ಕಣಿವೆಗೆ ಹೋದವರಿಗೆ.

ಇದನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೆ?

ರೋಮನ್ ಲಿಪಿಯಲ್ಲಿ ಹತ್ತಕ್ಕೂ ಮಿಕ್ಕಿ ರೂಪಗಳು ಸಿಗುತ್ತವೆ. ಕನ್ನಡಕ್ಕೆ ಇಳಿಸಿದರೆ ಥ್ಯಾಕರೆ, ಥ್ಯಾಕ್ರೇ, ಥ್ಯಾಕ್ರಾ, ಥ್ಯಾಕ್‌ವ್ರೇ, ಥ್ಯಾಕರಾ ಹೀಗೆ. ಎಲ್ಲದರ ಬೇರೂ ಒಂದೇ. ಹಿಂದೆ ಹೆಸರು ಬರೆಯುತ್ತಿದ್ದವನು ಹೆಸರಿನವನಲ್ಲ, ಚರ್ಚಿನ ಪಾದ್ರಿ ಅಥವಾ ಕಾರಕೂನ. ಅವನ ಕಿವಿಗೆ ಬಿದ್ದಂತೆ ಅವನು ಬರೆದ. ಅಣ್ಣನದು ಒಂದು ಕಾಗುಣಿತ, ತಮ್ಮನದು ಇನ್ನೊಂದು ಆದದ್ದೂ ಉಂಟು. 'ವ್ರೇ' ಎಂಬ ರೂಪ ಮೂಲಕ್ಕೆ ಹತ್ತಿರ, ಆ ಹಳೆಯ 'ವ್ರಾ'ದ ವಕಾರ ಅದರಲ್ಲಿ ಇನ್ನೂ ಜೀವ ಹಿಡಿದುಕೊಂಡಿದೆ. ನಮಗೆಲ್ಲ ಪರಿಚಯವಿರುವ 'ಥ್ಯಾಕರೆ' ಎಂಬ ಉದ್ದನೆಯ ಕಾಗುಣಿತ ಪ್ರಸಿದ್ಧವಾದದ್ದು ಒಬ್ಬ ಕಾದಂಬರಿಕಾರನಿಂದ. ಯಾರ್ಕ್‌ಶೈರಿನಲ್ಲಿ ಇಂದಿಗೂ ಗಿಡ್ಡ ರೂಪವಾದ ಥ್ಯಾಕ್ರೇ ಎಂಬುದೇ ಹೆಚ್ಚು.

ಉಚ್ಚಾರ ಹೇಗೆ?

ಇಂಗ್ಲಿಷರು 'ಥ್ಯಾಕರಿ' ಎನ್ನುತ್ತಾರೆ, ಕೊನೆಯಲ್ಲಿ ಗಿಡ್ಡ ಇಕಾರ. ಮೊದಲ ಅಕ್ಷರ ನಮ್ಮ ಥ ಅಲ್ಲ, ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಇಟ್ಟು ಗಾಳಿ ಬಿಡುವ ಸದ್ದು. ಕನ್ನಡದಲ್ಲಿ 'ಥ್ಯಾಕರೆ' ನೆಲೆಯಾಗಿಬಿಟ್ಟಿದೆ, ಅದನ್ನು ತಿದ್ದುವ ಗೋಜಿಗೆ ಹೋಗಬೇಕಿಲ್ಲ. ಆದರೆ ಕಿತ್ತೂರಿನ ಕಲೆಕ್ಟರನ ಮೊದಲ ಹೆಸರು ಮಾತ್ರ ಇಂಗ್ಲಿಷಿನವರ ಒಂದು ಕುಚೋದ್ಯ. ಬರೆಯುವುದು 'ಸೇಂಟ್ ಜಾನ್' ಎಂದು. ಹೆಸರಾಗಿ ಇಟ್ಟುಕೊಂಡಾಗ ಕರೆಯುವುದು 'ಸಿಂಜನ್' ಎಂದು.

ಈ ಹೆಸರು ಎಷ್ಟು ಅಪರೂಪ?

ಸಾಕಷ್ಟು ಅಪರೂಪ, ಅದಕ್ಕೆ ಕಾರಣವೂ ಸರಳ. ಸ್ಮಿತ್ ಎಂಬ ಹೆಸರು ಇಂಗ್ಲೆಂಡಿನ ಮೂಲೆಮೂಲೆಯಲ್ಲಿದೆ, ಏಕೆಂದರೆ ಪ್ರತಿ ಹಳ್ಳಿಗೂ ಒಬ್ಬ ಕಮ್ಮಾರ ಇದ್ದೇ ಇದ್ದ. ಥ್ಯಾಕರೆ ಹುಟ್ಟಿದ್ದು ಒಂದು ಕಣಿವೆಯ ಒಂದು ಹಟ್ಟಿಯಲ್ಲಿ. ಬೀಜವೇ ಒಂದು ಹಿಡಿಯಾದರೆ ಬೆಳೆ ಎಷ್ಟು ಬಂದೀತು? ಎಲ್ಲ ಕಾಗುಣಿತಗಳನ್ನು ಒಟ್ಟು ಹಾಕಿದರೂ ಬ್ರಿಟನ್ನಿನ ದೊಡ್ಡ ಅಡ್ಡಹೆಸರುಗಳ ಸಾಲಿಗೆ ಇದು ಬರುವುದಿಲ್ಲ. ಏಳುನೂರು ವರ್ಷಗಳಾದರೂ ಹೆಸರಿನ ಗುಂಪು ಲೀಡ್ಸ್, ಹ್ಯಾರೊಗೇಟ್, ನಿಡ್ ಹೊಳೆಯ ಕಣಿವೆಗಳ ಸುತ್ತಲೇ ದಟ್ಟವಾಗಿದೆ. ಅಲ್ಲಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಗೆ ಚೆಲ್ಲಿದೆ.

ಅಪರೂಪವಾದರೂ ಪರಿಚಿತ ಎನ್ನುವುದು ಈ ಹೆಸರಿನ ವಿಶೇಷ. ಯಾರ್ಕ್‌ಶೈರಿನ ಹೊರಗೆ ಒಬ್ಬ ಥ್ಯಾಕರೆಯನ್ನೂ ಮುಖತಃ ಕಾಣದವರು ಹೆಸರನ್ನು ಮಾತ್ರ ಬಲ್ಲರು. ನಾವೂ ಆ ಪೈಕಿಯೇ.

ಕಿತ್ತೂರಿನ ಥ್ಯಾಕರೆಗೂ ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಗೂ ಸಂಬಂಧವಿದೆಯೇ?

ಇದೆ, ತೀರ ಹತ್ತಿರದ ಸಂಬಂಧ. ಕಿತ್ತೂರಿನವನು ಕಾದಂಬರಿಕಾರನ ಚಿಕ್ಕಪ್ಪ, ತಂದೆಯ ಸ್ವಂತ ತಮ್ಮ.

ಈ ಮನೆತನದ ಕಥೆ ನಿಡ್ ಹೊಳೆಯ ದಡದ ಹ್ಯಾಂಪ್ಸ್‌ತ್ವೇಟ್ ಎಂಬ ಹಳ್ಳಿಯಿಂದ ಶುರುವಾಗುತ್ತದೆ. ಮುಳುಗಿದ ಹಟ್ಟಿಯಿಂದ ಅದು ಬಹಳ ದೂರವೇನಲ್ಲ. ಅಲ್ಲಿ ಇವರು ತಲೆಮಾರುಗಳಿಂದ ಸ್ವಂತ ಹೊಲ ಉಳುತ್ತಿದ್ದ ರೈತರು. 1693ರಲ್ಲಿ ಹುಟ್ಟಿದ ತಾಮಸ್ ಥ್ಯಾಕರೆ ಓದಿ, ಪಾದ್ರಿಯಾಗಿ, ಹ್ಯಾರೋ ಶಾಲೆಯ ಮುಖ್ಯೋಪಾಧ್ಯಾಯನಾದ. ಅವನ ಮಗ ವಿಲಿಯಂ ಮೇಕ್‌ಪೀಸ್ ಥ್ಯಾಕರೆ 1766ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಗೆ ಬಂಗಾಳಕ್ಕೆ ಬಂದ. ಇಂದು ಬಾಂಗ್ಲಾದೇಶದಲ್ಲಿರುವ ಸಿಲ್ಹಟ್ಟಿನಲ್ಲಿ ಅಧಿಕಾರಿಯಾಗಿದ್ದುಕೊಂಡು ಆನೆ ಹಿಡಿದು ಮಾರುವ ವ್ಯಾಪಾರ ಮಾಡಿದ. ಕಂಪನಿಗೇ ಆನೆಗಳನ್ನು ಮಾರಿದ. ದಾರಿಯಲ್ಲಿ ಬಹುಪಾಲು ಆನೆಗಳು ಸತ್ತವು, ಕಂಪನಿ ಹಣ ಕೊಡಲು ತಕರಾರು ತೆಗೆಯಿತು. ಇವನು ತನ್ನ ಧಣಿಯ ಮೇಲೆಯೇ ಕೋಲ್ಕತ್ತದಲ್ಲಿ ದಾವೆ ಹೂಡಿ ಗೆದ್ದ. ಕೈತುಂಬ ಹಣದೊಂದಿಗೆ ಇನ್ನೂ ಮೂವತ್ತು ದಾಟುವ ಮೊದಲೇ ಇಂಗ್ಲೆಂಡಿಗೆ ಮರಳಿದ. ಸರಕಾರಿ ನೌಕರಿಯಲ್ಲಿದ್ದು ಪಕ್ಕದಲ್ಲಿ ವ್ಯಾಪಾರ, ಅದೂ ಸರಕಾರದ ಜತೆಗೇ! ಅಪ್ಪನ ಈ ಭಾಗ್ಯ ಮಕ್ಕಳ ತಲೆಗೂ ಹತ್ತಿರಬೇಕು, ಗಂಡುಮಕ್ಕಳಲ್ಲಿ ಹೆಚ್ಚಿನವರು ಭಾರತದ ಹಡಗು ಹತ್ತಿದರು.

ಬಂದವರ ಭಾಗ್ಯ ಅಪ್ಪನದರಂತೆ ಇರಲಿಲ್ಲ. ಹಿರಿಯ ವಿಲಿಯಂ ಮದ್ರಾಸ್ ಸರಕಾರದಲ್ಲಿ ತಾಮಸ್ ಮನ್ರೋನ ಕೈಕೆಳಗೆ ಕೆಲಸ ಮಾಡಿದ. ಬಳ್ಳಾರಿ ಸೀಮೆಯೂ ಸೇರಿದ್ದ, ನಿಜಾಮನು ಬಿಟ್ಟುಕೊಟ್ಟಿದ್ದ ಜಿಲ್ಲೆಗಳ ಬಂದೋಬಸ್ತು ಅದು. 1807ರಲ್ಲಿ ಇವನು ಮಲಬಾರು, ಕೆನರಾ ಮತ್ತು ಆ ಜಿಲ್ಲೆಗಳ ಕಂದಾಯದ ಬಗ್ಗೆ ಬರೆದ ವರದಿ ರೈತವಾರಿ ಪದ್ಧತಿಯ ಪರ ವಾದಿಸಿತು. ಜಮೀನ್ದಾರನನ್ನು ನಡುವೆ ತರದೆ ರೈತನ ಹತ್ತಿರವೇ ಕಂದಾಯ ಗೊತ್ತು ಮಾಡಿಕೊಳ್ಳಬೇಕೆಂಬ ಆ ವಾದದ ನೆರಳು ನಮ್ಮ ಪಹಣಿ ಪತ್ರಗಳವರೆಗೂ ಚಾಚಿದೆ. ಕಿತ್ತೂರಿನ ತಮ್ಮನಷ್ಟು ಇವನ ಹೆಸರು ಯಾರಿಗೂ ಗೊತ್ತಿಲ್ಲ, ಕರ್ನಾಟಕದ ನೆಲಕ್ಕೆ ಬಿದ್ದ ಗುರುತು ಮಾತ್ರ ಇವನದೇ ಹೆಚ್ಚು ಎಂದು ನನ್ನ ಎಣಿಕೆ. ಎರಡನೆಯವನು ರಿಚ್ಮಂಡ್, ಬಂಗಾಳದಲ್ಲಿ ಕಲೆಕ್ಟರ್. 1815ರಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡ. ಇನ್ನೊಬ್ಬ ತಮ್ಮ ತಾಮಸ್ 1814ರಲ್ಲಿ ಗೂರ್ಖಾ ಯುದ್ಧದಲ್ಲಿ ಸತ್ತ. 1824ರಲ್ಲಿ ಸೇಂಟ್ ಜಾನ್ ಕಿತ್ತೂರಿನಲ್ಲಿ.

ಕಾದಂಬರಿಕಾರ ಈ ರಿಚ್ಮಂಡನ ಮಗ. 1811ರ ಜುಲೈ 18ರಂದು ಕೋಲ್ಕತ್ತದಲ್ಲಿ ಹುಟ್ಟಿದ, ಅಜ್ಜನ ಹೆಸರನ್ನೇ ಇಟ್ಟರು. ತಂದೆ ಸತ್ತ ಮೇಲೆ ಐದು ವರ್ಷದ ಹುಡುಗನನ್ನು ಇಂಗ್ಲೆಂಡಿಗೆ ಕಳುಹಿಸಿದರು. ದಾರಿಯಲ್ಲಿ ಹಡಗು ಸೇಂಟ್ ಹೆಲೆನಾ ದ್ವೀಪದಲ್ಲಿ ನಿಂತಾಗ ಜತೆಗಿದ್ದ ಆಳು ಅವನನ್ನು ಕರೆದೊಯ್ದು, ತೋಟದಲ್ಲಿ ಅಡ್ಡಾಡುತ್ತಿದ್ದ ಒಬ್ಬ ಗಿಡ್ಡ ಮನುಷ್ಯನನ್ನು ತೋರಿಸಿ ಅವನೇ ನೆಪೋಲಿಯನ್ ಬೋನಪಾರ್ಟ್ ಎಂದನಂತೆ. ದಿನಕ್ಕೆ ಮೂರು ಕುರಿ ತಿನ್ನುತ್ತಾನೆ, ಕೈಗೆ ಸಿಕ್ಕ ಮಕ್ಕಳನ್ನೂ ತಿನ್ನುತ್ತಾನೆ ಎಂದೂ ಹೆದರಿಸಿದನಂತೆ. ಚಿಕ್ಕಪ್ಪ ಕಿತ್ತೂರಿನಲ್ಲಿ ಬಿದ್ದಾಗ ಈ ಹುಡುಗನಿಗೆ ಹದಿಮೂರು ವರ್ಷ, ಲಂಡನ್ನಿನ ಚಾರ್ಟರ್‌ಹೌಸ್ ಶಾಲೆಯಲ್ಲಿ ಓದುತ್ತಿದ್ದ. ಮುಂದೆ 1847–48ರಲ್ಲಿ ಕಂತುಕಂತಾಗಿ ಬಂದ 'ವ್ಯಾನಿಟಿ ಫೇರ್' ಅವನಿಗೆ ಹೆಸರು ತಂದಿತು. ಅದರಲ್ಲಿ ಬೊಗ್ಲಿವಾಲಾ ಎಂಬ ಕಲ್ಪಿತ ಜಿಲ್ಲೆಯ ಕಲೆಕ್ಟರನೊಬ್ಬ ಬರುತ್ತಾನೆ. ದಪ್ಪ ಹೊಟ್ಟೆ, ಥಳಕಿನ ಬಟ್ಟೆ, ಬಾಯಿತುಂಬ ಬಡಾಯಿ, ಎದೆಯಲ್ಲಿ ಪುಕ್ಕಲು. ಕಲೆಕ್ಟರುಗಳ ಮನೆಯಲ್ಲಿ ಹುಟ್ಟಿದವನೇ ಕಲೆಕ್ಟರನನ್ನು ಹೀಗೆ ಗೇಲಿ ಮಾಡಿದ.

ಕಿತ್ತೂರಿನಲ್ಲಿ ನಡೆದದ್ದೇನು, ಚುಟುಕಾಗಿ?

ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. ಸಾಯುವ ಮುನ್ನ ದತ್ತು ತೆಗೆದುಕೊಂಡಿದ್ದಾಗಿ ಧಾರವಾಡದ ಕಲೆಕ್ಟರನಿಗೆ ಪತ್ರ ಹೋಯಿತು. ಆ ಕಲೆಕ್ಟರನೇ ಸೇಂಟ್ ಜಾನ್ ಥ್ಯಾಕರೆ. ಪತ್ರದ ಸಹಿಯನ್ನು ಅನುಮಾನಿಸಿದ, ದತ್ತು ಒಪ್ಪಲಿಲ್ಲ, ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ರಾಣಿ ಚೆನ್ನಮ್ಮ ಬಗ್ಗಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು, ತೆರೆಯದಿದ್ದರೆ ಒಡೆಯುತ್ತೇನೆ ಎಂದು ಅವನು ಬೆದರಿಸಿದ. ಬಾಗಿಲು ತೆರೆಯಿತು, ಆದರೆ ಅವನು ಎಣಿಸಿದಂತೆ ಅಲ್ಲ. ಒಳಗಿನಿಂದ ನುಗ್ಗಿದ ಪಡೆಯ ಏಟಿಗೆ ಥ್ಯಾಕರೆ ಬಿದ್ದ, ಕ್ಯಾಪ್ಟನ್ ಬ್ಲ್ಯಾಕ್ ಮುಂತಾದ ಅಧಿಕಾರಿಗಳೂ ಸತ್ತರು. ಗುಂಡು ಹಾರಿಸಿದವನು ಅಮಟೂರು ಬಾಳಪ್ಪ ಎಂದು ಕಿತ್ತೂರು ನಾಡಿನ ಬಾಯಿಮಾತು. ಲಾವಣಿ ಹಾಡುವವರು ಆ ಸಾಲಿಗೆ ಬಂದಾಗ ಡಪ್ಪಿನ ಪೆಟ್ಟು ಇಮ್ಮಡಿಯಾಗುತ್ತದೆ.

ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂದು ಕಿತ್ತೂರು ಸೋತಿತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಇದೆಲ್ಲ ಎಲ್ಲರೂ ಬಲ್ಲ ಕಥೆ.

ಅಷ್ಟಾಗಿ ಹೇಳದ ಒಂದು ಎಳೆಯಿದೆ. ಅಂದು ಥ್ಯಾಕರೆಯ ಇಬ್ಬರು ಸಹಾಯಕರು ಸೆರೆ ಸಿಕ್ಕರು: ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್. ಎಲಿಯಟನಿಗೆ ಆಗ ಇಪ್ಪತ್ತೊಂದು ವರ್ಷ. ಕಿತ್ತೂರಿನವರು ಅವರನ್ನು ಕೊಲ್ಲಲಿಲ್ಲ, ಸುಮಾರು ಆರು ವಾರ ಇಟ್ಟುಕೊಂಡು ಡಿಸೆಂಬರ್ ಆರಂಭದಲ್ಲಿ ಬಿಟ್ಟರು. ಬದುಕಿ ಹೊರಬಂದ ಆ ಹುಡುಗ ಮುಂದಿನ ವರ್ಷಗಳಲ್ಲಿ ಕನ್ನಡ ನಾಡಿನ ನೂರಾರು ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದ. ಚಾಲುಕ್ಯರ ಚರಿತ್ರೆ ಬರೆದವರೆಲ್ಲ ಆ ಸಂಗ್ರಹಕ್ಕೆ ಋಣಿಗಳು. ಕಿತ್ತೂರಿನವರು ಅಂದು ಕೈ ತಡೆದದ್ದರಿಂದ ನಮಗೆ ಆದ ಲಾಭ ಇದು.

'ಮೇಕ್‌ಪೀಸ್' ಎಂಬುದು ಎಂಥ ಹೆಸರು?

ಅದೂ ಒಂದು ಇಂಗ್ಲಿಷ್ ಅಡ್ಡಹೆಸರೇ, ಜಗಳ ಬಿಡಿಸುವವನು ಎಂದು ಅರ್ಥ. ಊರ ಪಂಚಾಯ್ತಿ ಮಾಡುವವರನ್ನು ಹಾಗೆ ಕರೆದು ಕರೆದು ಹೆಸರಾಯಿತು. ರಾಣಿ ಮೇರಿಯ ಕಾಲದಲ್ಲಿ ಧರ್ಮಕ್ಕಾಗಿ ಸುಡಲ್ಪಟ್ಟ ಪೂರ್ವಜನೊಬ್ಬನ ನೆನಪಿಗೆ ಇದನ್ನು ಇಟ್ಟುಕೊಂಡೆವು ಎಂಬುದು ಥ್ಯಾಕರೆ ಮನೆಯ ಐತಿಹ್ಯ. ಐತಿಹ್ಯವನ್ನು ಐತಿಹ್ಯವೆಂದೇ ಕೇಳಬೇಕು.

ಮುಂಬೈಯ ಠಾಕ್ರೆಗಳು ಇದೇ ಮನೆತನದವರೇ?

ಅಲ್ಲ. ರಕ್ತಸಂಬಂಧ ಒಂದಿಷ್ಟೂ ಇಲ್ಲ. ಆದರೆ ರೋಮನ್ ಲಿಪಿಯಲ್ಲಿ ಎರಡಕ್ಕೂ ಅಕ್ಷರಶಃ ಒಂದೇ ಕಾಗುಣಿತ. ಅದು ಆಕಸ್ಮಿಕವೂ ಅಲ್ಲ.

ಕೇಶವ ಸೀತಾರಾಮ ಠಾಕ್ರೆ 1885ರಲ್ಲಿ ಪನವೇಲಿನಲ್ಲಿ ಹುಟ್ಟಿದರು. ಪತ್ರಕರ್ತ, ನಾಟಕಕಾರ, ಸಮಾಜ ಸುಧಾರಕ. 'ಪ್ರಬೋಧನ' ಎಂಬ ಪತ್ರಿಕೆ ನಡೆಸಿದ್ದರಿಂದ ಪ್ರಬೋಧನಕಾರರೆಂದೇ ಹೆಸರಾದರು. ಅವರ ತಂದೆ ಬಳಸುತ್ತಿದ್ದ ಅಡ್ಡಹೆಸರು ಪನವೇಲ್ಕರ್, ಅಂದರೆ ಪನವೇಲಿನವರು. ಮಗನನ್ನು ಶಾಲೆಗೆ ಸೇರಿಸುವಾಗ ಮನೆತನದ ಹಳೆಯ ಹೆಸರಾದ ಠಾಕ್ರೆಯನ್ನು ಬರೆಸಿದರು. ಆ ಮಗ ದೊಡ್ಡವನಾಗಿ ಇಂಗ್ಲಿಷ್ ಓದಿಕೊಂಡು ಕಾದಂಬರಿಕಾರ ಥ್ಯಾಕರೆಯನ್ನು ಮೆಚ್ಚಿದರು, ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಅದೇ ಕಾಗುಣಿತದಲ್ಲಿ ಬರೆಯತೊಡಗಿದರು. 1966ರಲ್ಲಿ ಶಿವಸೇನೆ ಕಟ್ಟಿದ ಬಾಳ ಠಾಕ್ರೆ ಅವರ ಮಗ. ಇಂಗ್ಲಿಷ್ ಪತ್ರಿಕೆಗಳಲ್ಲಿ ಆ ಕಾಗುಣಿತ ಅಂದಿನಿಂದ ಇಂದಿನವರೆಗೆ ಓಡುತ್ತಿದೆ.

ಪರಕೀಯ ಹೆಸರುಗಳ ವಿರುದ್ಧ ಬೀದಿಗಿಳಿದ ಪಕ್ಷದ ನಾಯಕರ ಹೆಸರಿಗೇ ಯಾರ್ಕ್‌ಶೈರಿನ ಅಂಗಿ! ಬೆಳಗಾವಿಯವರು ಈ ಮಾತು ಕೇಳಿದರೆ ಮುಗುಳ್ನಗುತ್ತಾರೆ. ಗಡಿಯ ತಂಟೆಯಲ್ಲಿ ಆ ಪಕ್ಷದ ಬಿಸಿ ತಾಗಿಸಿಕೊಂಡವರು ಅವರು, ಕಿತ್ತೂರು ಇರುವುದೂ ಅವರ ಜಿಲ್ಲೆಯಲ್ಲೇ. ಆದರೆ ಕಾಗುಣಿತವನ್ನು ಇಂಗ್ಲಿಷರಿಗೆ ಒಗ್ಗಿಸಿಕೊಂಡವರು ಅವರೊಬ್ಬರೇ ಅಲ್ಲ. ಬಂಗಾಳದ ಠಾಕುರರು ಟಾಗೋರರಾದದ್ದೂ ಇಂಥದೇ ಗಾಳಿಯಲ್ಲಿ.

ಈ ಹೆಸರಿನ ಬೇರೆ ಯಾರನ್ನಾದರೂ ತಿಳಿದಿರಬೇಕೇ?

ತಿಳಿದಿದ್ದರೆ ಒಳ್ಳೆಯದು ಎನ್ನುವವರು ಒಂದಿಬ್ಬರಿದ್ದಾರೆ. ನನ್ನ ಮಟ್ಟಿಗೆ ಅವರಲ್ಲಿ ಮೊದಲಿಗ ಚಾರ್ಲ್ಸ್ ಟರ್ನರ್ ಥ್ಯಾಕ್ರಾ, 1795ರಲ್ಲಿ ಹುಟ್ಟಿದ ಲೀಡ್ಸಿನ ವೈದ್ಯ. ಗಿರಣಿ, ಗಣಿ, ಅಂಗಡಿಗಳಲ್ಲಿ ದುಡಿಯುವವರ ಕಾಯಿಲೆಗೂ ಅವರ ಕಸುಬಿಗೂ ಇರುವ ನಂಟನ್ನು ಒಂದೊಂದೇ ಕಸುಬನ್ನು ಹಿಡಿದು ನೋಡಿ 1831ರಲ್ಲಿ ಪುಸ್ತಕವಾಗಿ ಬರೆದ. ಎರಡು ವರ್ಷದಲ್ಲಿ, ನಲವತ್ತು ತುಂಬುವ ಮೊದಲೇ ಸತ್ತ. ದಿನವಿಡೀ ಬಗ್ಗಿ ಕುಳಿತು ಹೊಲಿಯುವ ದರ್ಜಿಯ ಬೆನ್ನು, ಧೂಳು ಕುಡಿಯುವ ಕಾರ್ಮಿಕನ ಎದೆಗೂಡು ಇವೆಲ್ಲ ವೈದ್ಯರ ಕಣ್ಣಿಗೆ ಬೀಳುವಂತೆ ಮಾಡಿದವರಲ್ಲಿ ಅವನೂ ಒಬ್ಬ.

ಅದೇ ಲೀಡ್ಸಿನಲ್ಲಿ 1902ರಲ್ಲಿ ಔಷಧದಂಗಡಿಯಾಗಿ ಶುರುವಾದ ಥ್ಯಾಕ್ರೇ ಎಂಬ ಕಂಪನಿ ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಹೆಸರಾಯಿತು. ವೈದ್ಯ ಜಾನ್ ಚಾರ್ನ್‌ಲಿ ರೂಪಿಸಿದ ಕೃತಕ ಸೊಂಟದ ಕೀಲನ್ನು ತಯಾರಿಸಿದ್ದು ಆ ಕಂಪನಿಯೇ. ಆ ಮನೆತನದ ಹೆಸರಿನ ವೈದ್ಯಕೀಯ ವಸ್ತುಸಂಗ್ರಹಾಲಯ 1997ರಿಂದ ಅಲ್ಲಿದೆ. ಕಾದಂಬರಿಕಾರನ ಹಿರಿಯ ಮಗಳು ಆನ್ ಕೂಡ ಲೇಖಕಿ. ಕಿರಿಯ ಮಗಳು ವಿಮರ್ಶಕ ಲೆಸ್ಲಿ ಸ್ಟೀಫನ್ನನ ಮೊದಲ ಹೆಂಡತಿ, ಅವನ ಎರಡನೆಯ ಹೆಂಡತಿಯ ಮಗಳೇ ಕಾದಂಬರಿಕಾರ್ತಿ ವರ್ಜೀನಿಯಾ ವುಲ್ಫ್. ಹಾಡು ಕಟ್ಟಿ ಗಿಟಾರ್ ನುಡಿಸುತ್ತಿದ್ದ ಜೇಕ್ ಥ್ಯಾಕ್ರೇ ಲೀಡ್ಸಿನವನು, 2002ರಲ್ಲಿ ತೀರಿಕೊಂಡ.

ಈ ಹೆಸರಿಗೆ ಕನ್ನಡದ ಯಾವ ಪದವಾದರೂ ನೆಂಟನೇ?

ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಉತ್ತರ: ಹೌದು, ಸಂಸ್ಕೃತದ ದಾರಿಯಾಗಿ.

ಆ 'ಥಾಕ್' ಇಂಡೋ-ಯುರೋಪಿಯನ್ ಭಾಷೆಗಳಲ್ಲಿ ಹೊದಿಸು, ಮುಚ್ಚು ಎಂಬ ಅರ್ಥದ ಒಂದು ಹಳೆಯ ಧಾತುವಿನಿಂದ ಬಂದದ್ದು. ಲ್ಯಾಟಿನ್ನಿನಲ್ಲಿ ಮೈ ಹೊದೆಯುವ 'ಟೋಗಾ' ಅದೇ ಬೇರಿನದು. ಸಂಸ್ಕೃತದಲ್ಲಿ ಮುಚ್ಚು, ಮರೆಮಾಡು ಎಂಬ ಅರ್ಥದ 'ಸ್ಥಗ್' ಧಾತುವನ್ನು ವ್ಯುತ್ಪತ್ತಿಕಾರರು ಇದರ ಜತೆಗೇ ಇಡುತ್ತಾರೆ. ಅದರಿಂದ ಹುಟ್ಟಿದ 'ಸ್ಥಗಿತ' ಮೊದಲು 'ಮುಚ್ಚಿದ್ದು' ಎಂಬ ಅರ್ಥದಲ್ಲಿತ್ತು. ಕನ್ನಡಕ್ಕೆ ಬರುವ ಹೊತ್ತಿಗೆ ನಿಂತುಹೋದದ್ದು ಎಂದಾಯಿತು. ತನ್ನ ನಿಜವನ್ನು ಮುಚ್ಚಿಡುವ ಮೋಸಗಾರ 'ಸ್ಥಗ', ಅವನು ಪ್ರಾಕೃತದಲ್ಲಿ ತಿರುಗಿ ಹಿಂದಿಯಲ್ಲಿ 'ಠಗ್' ಆದ, ಕನ್ನಡದಲ್ಲಿ 'ಠಕ್ಕ'ನಾದ.

ಆದ್ದರಿಂದ ಥ್ಯಾಕರೆಯ ಮೊದಲರ್ಧಕ್ಕೂ ಠಕ್ಕನಿಗೂ ದೂರದ ನೆಂಟಸ್ತಿಕೆ ಇದೆ. ಕಿತ್ತೂರಿನವರಿಗೆ ಇದನ್ನು ಹೇಳಿದರೆ 'ಅದು ನಮಗೆ ಮೊದಲೇ ಗೊತ್ತಿತ್ತು' ಎಂದಾರು. ಆದರೆ ಯಾರ್ಕ್‌ಶೈರಿನ ಹಟ್ಟಿಯಲ್ಲಿ ಆ ಪದಕ್ಕೆ ಮಾಡಿನ ಹುಲ್ಲಿಗಿಂತ ಹೆಚ್ಚಿನ ಅರ್ಥ ಯಾವ ಕಾಲಕ್ಕೂ ಇರಲಿಲ್ಲ.

ಥ್ಯಾಕರೆ ಮನೆತನದ ಲಾಂಛನ ಎಂದು ಮಾರುತ್ತಾರಲ್ಲ, ಕೊಳ್ಳಬಹುದೇ?

ಗೋಡೆಗೆ ಚೆಂದ ಕಂಡರೆ ಕೊಳ್ಳಿ. ಇಂಗ್ಲೆಂಡಿನ ಕಟ್ಟಳೆಯಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ವಂಶದವರಿಗೆ, ಒಂದೇ ಅಡ್ಡಹೆಸರಿನ ಎಲ್ಲರಿಗೂ ಅಲ್ಲ. 1484ರಿಂದ ಈ ಕೆಲಸ ನೋಡಿಕೊಳ್ಳುತ್ತಿರುವ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್ ಇದನ್ನು ಎಷ್ಟು ಸಲ ಹೇಳಿದರೂ ಮಗ್ಗುಗಳ ಮೇಲೆ ಲಾಂಛನ ಅಚ್ಚು ಹಾಕಿ ಮಾರುವವರ ಅಂಗಡಿ ಮುಚ್ಚಿಲ್ಲ.

ಕನ್ನಡದಲ್ಲಿ ಹೇಗೆ ಬರೆಯಬೇಕು: ಥ್ಯಾಕರೆಯೇ, ಠಾಕ್ರೆಯೇ?

ಯಾರ ಬಗ್ಗೆ ಬರೆಯುತ್ತಿದ್ದೀರಿ ಎಂಬುದನ್ನು ನೋಡಿ. ಕಿತ್ತೂರಿನವನಿಗೂ ಕಾದಂಬರಿಕಾರನಿಗೂ ಥಕಾರ. ಮರಾಠಿಯ ಮನೆತನಕ್ಕೆ ಠಕಾರ, ಏಕೆಂದರೆ ಮರಾಠಿಯಲ್ಲಿ ಅವರೇ ಹಾಗೆ ಬರೆದುಕೊಳ್ಳುತ್ತಾರೆ. ಇಂಗ್ಲಿಷ್ ಕಣ್ಣಿಗೆ ಬೇರೆಯಾಗಿ ಕಾಣದ ಎರಡು ಹೆಸರುಗಳನ್ನು ನಮ್ಮ ಲಿಪಿ ಮೊದಲ ಅಕ್ಷರದಲ್ಲೇ ಬೇರ್ಪಡಿಸಿಬಿಡುತ್ತದೆ. ಇಂಗ್ಲಿಷಿನಿಂದ ಸುದ್ದಿ ಅನುವಾದಿಸುವವರು ಮಾತ್ರ ಎಚ್ಚರವಹಿಸಬೇಕು, ಮುಂಬೈಯ ನಾಯಕರನ್ನು 'ಥ್ಯಾಕರೆ' ಮಾಡಿದ್ದನ್ನು ನಾನೇ ಕಂಡಿದ್ದೇನೆ. ಎರಡೂ ಅಕ್ಷರಗಳ ಹೊಟ್ಟೆಯಲ್ಲಿ ಚುಕ್ಕೆ ಇರುವುದರಿಂದ ಸಣ್ಣ ಅಚ್ಚಿನಲ್ಲಿ ಕಣ್ಣು ಮೋಸಹೋಗುತ್ತದೆ. ಅಚ್ಚಿಗೆ ಕೊಡುವ ಮುನ್ನ ಒಮ್ಮೆ ದೊಡ್ಡದು ಮಾಡಿ ನೋಡಿಕೊಳ್ಳಿ.